ಬಾಡರ್ ಆಸ್ಟ್ರೋಸೋಲಾರ್ ಫಿಲ್ಮ್: ವಿಜಯಪುರದ ಮಾಳಿಗೆಯ ಮೇಲೆ ಸೂರ್ಯನನ್ನು ಕಂಡ ಅನುಭವ

ನನ್ನಲ್ಲಿರುವುದು 80 ಮಿಲಿಮೀಟರ್ ವ್ಯಾಸದ ಮಸೂರವುಳ್ಳ, 900 ಮಿಲಿಮೀಟರ್ ನಾಭಿದೂರದ ಸಾಧಾರಣ ದೂರದರ್ಶಕ. ಅದರ ಬಾಯಿಗೆ ಜರ್ಮನಿಯ ಬಾಡರ್ ಪ್ಲಾನೆಟೇರಿಯಂ ಸಂಸ್ಥೆಯ, ಬಿಸಿಲನ್ನು ತಗ್ಗಿಸುವ ತೆಳು ಹಾಳೆಯಾದ ಆಸ್ಟ್ರೋಸೋಲಾರ್ ಸೇಫ್ಟಿ ಫಿಲ್ಮ್ ಕಟ್ಟಿಕೊಂಡು, ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲಿಂದ ಹಲವು ತಿಂಗಳು ಸೂರ್ಯನನ್ನು ನೋಡಿ, ಚಿತ್ರ ತೆಗೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಫಿಲ್ಮ್ ಎರಡು ಬಗೆಯಲ್ಲಿ ಸಿಗುತ್ತದೆ. ಸಾಂದ್ರತೆ 5.0 ಎಂದು ಗುರುತು ಮಾಡಿದ್ದು ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುತ್ತದೆ. ಕಣ್ಣಿಟ್ಟು ನೋಡಲು ಇದೇ ಬೇಕು. 3.8 ಎಂಬುದು ಕ್ಯಾಮೆರಾಕ್ಕೆ ಮಾತ್ರ ಮೀಸಲಾಗಿದ್ದು, ಅದರ ಮೂಲಕ ನೇರವಾಗಿ ನೋಡಬಾರದು. ಕೊಳ್ಳುವಾಗ ಈ ಅಂಕಿಯನ್ನು ಎರಡು ಸಲ ಓದಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ನನ್ನ ಮೊದಲ ದೂರದರ್ಶಕದ ಪೆಟ್ಟಿಗೆಯಲ್ಲಿ ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಮಸೂರಕ್ಕೆ, ತಿರುಗಿಸಿ ಹಾಕುವ ಒಂದು ಪುಟ್ಟ ಕಪ್ಪು ಗಾಜು ಬಂದಿತ್ತು. ಮಸೂರ ಒಟ್ಟುಗೂಡಿಸಿದ ಅಷ್ಟೂ ಶಾಖ ಬೀಳುವ ಜಾಗದಲ್ಲೇ ಅಂಥ ಗಾಜು ಕುಳಿತಿರುವುದರಿಂದ, ಅದು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಅಕ್ಷಿಪಟಲಕ್ಕೆ ನೋವಿನ ಅರಿವೇ ಇಲ್ಲವಾದ್ದರಿಂದ ಕಣ್ಣು ಸುಟ್ಟದ್ದು ಆ ಕ್ಷಣಕ್ಕೆ ತಿಳಿಯುವುದೂ ಇಲ್ಲ. ಅದನ್ನು ನಾನು ಎಸೆದುಬಿಟ್ಟೆ. ಬೆಳಕು ದೂರದರ್ಶಕದ ಒಳಗೆ ಹೋಗುವ ಮೊದಲೇ ಅದನ್ನು ತಡೆಯುವುದು ಈ ಫಿಲ್ಮಿನ ದೊಡ್ಡ ಗುಣ.

ನಾನು ತರಿಸಿಕೊಂಡ ಮೊದಲ ಹಾಳೆಯನ್ನು ಮಾರಾಟಗಾರರು ತೆಳು ಲಕೋಟೆಯಲ್ಲಿ ಮಡಚಿ ಕಳುಹಿಸಿದ್ದರು. ದೀಪಕ್ಕೆ ಹಿಡಿದು ನೋಡಿದಾಗ ಮಡಿಕೆಯ ಗೆರೆಯಲ್ಲಿ ಸೂಜಿಮೊನೆಯಷ್ಟು ಎರಡು ತೂತುಗಳು ಹೊಳೆದವು. ಹಾಳೆಯನ್ನು ಹಿಂತಿರುಗಿಸಿ, ರಟ್ಟಿನ ನಡುವೆ ಇಟ್ಟು ಕಳುಹಿಸುವ ಬೇರೆ ಅಂಗಡಿಯಿಂದ ಹೊಸದನ್ನು ತರಿಸಿದೆ. ದಪ್ಪ ರಟ್ಟಿನಲ್ಲಿ ಕೊಳವೆಯಂಥ ಮುಚ್ಚಳ ಮಾಡಿ, ಫಿಲ್ಮನ್ನು ಅದರಲ್ಲಿ ಸಡಿಲವಾಗಿಯೇ ಕೂರಿಸಬೇಕು. ನೋಡಲು ಸುಕ್ಕುಸುಕ್ಕಾಗಿ ಕಂಡರೂ ಬಿಂಬ ಕೆಡುವುದಿಲ್ಲ. ತಮಟೆಯ ಚರ್ಮದಂತೆ ಬಿಗಿದು ಕಟ್ಟಿದರೇ ಕೆಡುತ್ತದೆ. ಗಾಳಿಗೆ ಹಾರದಂತೆ ಮುಚ್ಚಳಕ್ಕೆ ಟೇಪು ಸುತ್ತುವುದನ್ನೂ, ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕವಾದ ಫೈಂಡರನ್ನು ಮುಚ್ಚುವುದನ್ನೂ ನಾನು ಒಂದು ದಿನವೂ ಬಿಟ್ಟಿಲ್ಲ. ಸೂರ್ಯನತ್ತ ಗುರಿ ಹಿಡಿಯಲು ನೆಲದ ಮೇಲೆ ಬೀಳುವ ಕೊಳವೆಯ ನೆರಳು ಅತಿ ಚಿಕ್ಕದಾಗುವಂತೆ ತಿರುಗಿಸಿದರೆ ಸಾಕು.

ಬಿಂಬ ಬಿಳಿಯಾಗಿ, ತುಸು ನೀಲಿ ಛಾಯೆಯಿಂದ ಕಾಣುತ್ತದೆ. ಕೇಸರಿ ಬಣ್ಣವನ್ನು ನಿರೀಕ್ಷಿಸಿದವರಿಗೆ ಇದು ಸಪ್ಪೆ ಎನಿಸಬಹುದಾದರೂ ನನಗೆ ಇದೇ ಹೆಚ್ಚು ಇಷ್ಟ. ಸೂರ್ಯಕಲೆಯ ಕರಿಯ ತಿರುಳು, ಅದರ ಸುತ್ತಲಿನ ಬೂದು ಅರೆನೆರಳು, ಅಂಚಿನತ್ತ ಬಿಂಬ ಮಬ್ಬಾಗುವ ಬಗೆ, ಆ ಮಬ್ಬಿನಲ್ಲಿ ಬೆಳ್ಳಗೆ ಹರಡಿದ ಫ್ಯಾಕ್ಯುಲಾ ಎಂಬ ಹೊಳಪಿನ ತೇಪೆಗಳು, ಎಲ್ಲವೂ ಬೇರೆಬೇರೆಯಾಗಿ ತಿಳಿಯುತ್ತವೆ. ಸೂರ್ಯನ ಮೈಮೇಲಿನ ಕುದಿತದ ಕಣಗಳು ಸುಮಾರು 1000 ಕಿಲೋಮೀಟರ್ ಅಗಲದವು. 80 ಮಿಲಿಮೀಟರ್ ಮಸೂರ ಬಿಡಿಸಿ ತೋರಿಸಬಲ್ಲ ಕೊನೆಯ ಅಳತೆಯೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಅವು ಕಾಣದಿದ್ದುದಕ್ಕೆ ಫಿಲ್ಮನ್ನು ದೂರಲಾಗದು. ಅಂಚಿನಿಂದ ಚಿಮ್ಮುವ ಜ್ವಾಲೆಗಳು ಮಾತ್ರ ಇದರಲ್ಲಿ ಎಂದಿಗೂ ಕಾಣುವುದಿಲ್ಲ. ಅವಕ್ಕೆ ಹೈಡ್ರೋಜನ್ನಿನ 656.28 ನ್ಯಾನೋಮೀಟರ್ ಬೆಳಕನ್ನಷ್ಟೇ ಬಿಡುವ, ಬಹಳ ದುಬಾರಿಯಾದ ಫಿಲ್ಟರ್ ಬೇಕು.

ನಮ್ಮೂರಿನಲ್ಲಿ ಬಿಂಬದ ನಿಜವಾದ ಶತ್ರು ಬಿಸಿಗಾಳಿ. ಬೇಸಿಗೆಯಲ್ಲಿ ಹತ್ತು ಗಂಟೆಗೆಲ್ಲ ಕಾಂಕ್ರೀಟ್ ಮಾಳಿಗೆ ಕಾದ ಹಂಚಿನಂತಾಗಿ, ಸೂರ್ಯನ ಅಂಚು ಕುದಿಯುವ ಎಸರಿನಂತೆ ಅಲುಗುತ್ತದೆ. ಏಳೂವರೆಯಿಂದ ಒಂಬತ್ತರ ಒಳಗೆ ಕೆಲಸ ಮುಗಿಸುವುದೇ ಲೇಸು. ಹಿಂಗಾರಿ ಜೋಳ ಎದೆಯೆತ್ತರ ನಿಂತಿದ್ದ ಕಾಲದಲ್ಲಿ ಊರಾಚೆಯ ಗೆಳೆಯರ ಹೊಲದ ಬದುವಿನ ಮೇಲೆ ದೂರದರ್ಶಕ ಇಟ್ಟಾಗ, ಅದೇ ಫಿಲ್ಮ್ ಅದೇ ಮಸೂರದಲ್ಲಿ ಬಿಂಬ ಎಷ್ಟು ನಿಶ್ಚಲವಾಗಿತ್ತೆಂದರೆ, ಅರೆನೆರಳಿನ ಎಳೆಗಳನ್ನು ನಾನು ಮೊದಲ ಬಾರಿ ಕಂಡದ್ದು ಅಲ್ಲಿಯೇ.

ಛಾಯಾಗ್ರಹಣದಲ್ಲೂ ಫಿಲ್ಮ್ ಅನುಕೂಲಕರವಾಗಿದೆ. 900 ಮಿಲಿಮೀಟರ್ ನಾಭಿದೂರಕ್ಕೆ ಸೂರ್ಯನ ಬಿಂಬ ಸುಮಾರು 8.4 ಮಿಲಿಮೀಟರ್ ಆಗುವುದರಿಂದ ಸಾಮಾನ್ಯ ಡಿಎಸ್ಎಲ್ಆರ್ ಕ್ಯಾಮೆರಾದ ಸೆನ್ಸರಿನಲ್ಲಿ ಪೂರ್ತಿ ಸೂರ್ಯ ಹಿಡಿಯುತ್ತಾನೆ. ಐಎಸ್ಒ 100ರಲ್ಲಿ 1/500 ಸೆಕೆಂಡಿನ ಆಸುಪಾಸು ನನಗೆ ಸರಿಹೋಗಿದೆ. ಫೋಕಸ್ ಮಾಡುವಾಗ ಸೂರ್ಯನ ಅಂಚನ್ನು ನಂಬದೆ ಯಾವುದಾದರೂ ಕಲೆಯನ್ನು ಆರಿಸಿಕೊಳ್ಳಬೇಕು; ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಳ್ಳದೆ ಬಿಸಿಲಿನಲ್ಲಿ ಕ್ಯಾಮೆರಾದ ಪರದೆ ಕಾಣುವುದೇ ಇಲ್ಲ.

2024ರ ಮೇ 9ರ ಬೆಳಿಗ್ಗೆ ತೆಗೆದ ಚಿತ್ರವನ್ನು ನಾನು ಇಂದಿಗೂ ತೆರೆದು ನೋಡುತ್ತಿರುತ್ತೇನೆ. 3664 ಎಂಬ ಸಂಖ್ಯೆಯ ಕಲೆಗಳ ಗುಂಪು ಭೂಮಿಯ ಸುಮಾರು 15 ವ್ಯಾಸಗಳಷ್ಟು ಉದ್ದಕ್ಕೆ ಚಾಚಿಕೊಂಡಿತ್ತು. ಮರುದಿನ ರಾತ್ರಿ ಅದರಿಂದೆದ್ದ ಸೌರಬಿರುಗಾಳಿ ಭೂಮಿಯನ್ನು ಮುಟ್ಟಿ, ಲಡಾಖಿನ ಹಾನ್ಲೆಯ ಆಕಾಶವನ್ನೂ ಕೆಂಪಾಗಿಸಿತು. ನನ್ನ ಚಿತ್ರದಲ್ಲಿ ಆ ಗುಂಪಿನ ಸಣ್ಣ ಕಲೆಗಳನ್ನೂ ಒಂದೊಂದಾಗಿ ಎಣಿಸಬಹುದು.

ಈ ಹಾಳೆಯ ಕೊರತೆಯೆಂದರೆ ಅದರ ನಾಜೂಕು. ನಮ್ಮ ಎರೆಮಣ್ಣಿನ ಧೂಳನ್ನು ಬಟ್ಟೆಯಿಂದ ಒರೆಸಿದರೆ ಲೇಪ ಗೀಚಿಹೋಗುವುದರಿಂದ ಊದುವ ರಬ್ಬರ್ ಬುರುಡೆಯನ್ನೇ ಬಳಸಬೇಕು, ಪ್ರತಿ ಸಲವೂ ದೀಪಕ್ಕೆ ಹಿಡಿದು ತೂತು ಹುಡುಕಬೇಕು. ಅಷ್ಟು ಜತನ ಮಾಡಲು ಸಿದ್ಧರಿರುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. 20×29 ಸೆಂಟಿಮೀಟರಿನ ಒಂದೇ ಹಾಳೆಯಲ್ಲಿ ಉಳಿದ ತುಂಡಿನಿಂದ ನನ್ನ 50 ಮಿಲಿಮೀಟರ್ ಬೈನಾಕ್ಯುಲರಿನ ಎರಡೂ ಮಸೂರಗಳಿಗೆ ಮುಚ್ಚಳಗಳಾದವು. ಈಗ ಓಣಿಯ ಮಕ್ಕಳು ಭಾನುವಾರ ಬೆಳಿಗ್ಗೆ ಅದನ್ನು ಹಿಡಿದು, ಕಳೆದ ವಾರದ ಕಲೆ ಎಷ್ಟು ದೂರ ಸರಿದಿದೆ ಎಂದು ಕಾಗದದ ಮೇಲೆ ಗುರುತು ಹಾಕುತ್ತಾರೆ.