ಚಕಮಕಿಯೋ ಕೇಪೋ: ನಾನಂತೂ ಕೇಪಿನ ಪಕ್ಷ

ಕೊನೆವರೆಗೂ ಕಾಯಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಾಯಿಂದ ಮದ್ದು ತುಂಬುವ ರೈಫಲ್ ಒಂದನ್ನು ಕೈಯಾರೆ ಕಟ್ಟಬೇಕು ಅಂತ ಆಸೆ ಇರುವವರು ನನ್ನನ್ನು ಕೇಳಿದರೆ, ಕೇಪಿನ ಕಿಟ್ ತಗೊಳ್ಳಿ ಅಂತಲೇ ಹೇಳುವುದು. ಚಕಮಕಿ ಅಂದರೆ ಕಲ್ಲು ಉಕ್ಕಿಗೆ ಉಜ್ಜಿ ಹಾರುವ ಕಿಡಿಯಿಂದ ಮದ್ದು ಹೊತ್ತುವುದು; ಕೇಪು ಅಂದರೆ ಬಡಿದರೆ ಸಿಡಿಯುವ ತಾಮ್ರದ ಪುಟ್ಟ ಟೋಪಿ; ಕಿಟ್ ಅಂದರೆ ನಾವೇ ಜೋಡಿಸಿಕೊಳ್ಳಬೇಕಾದ ಬಿಡಿಭಾಗಗಳ ಪೆಟ್ಟಿಗೆ. ಇದನ್ನು ಹೇಳುತ್ತಿರುವವನು ಚಕಮಕಿ ಕಂಡರಾಗದವನಲ್ಲ. ಮೊದಲು ಕಟ್ಟಿದ್ದೇ ಚಕಮಕಿಯದು. ಅಮೆರಿಕದ ಪೆನ್ಸಿಲ್ವೇನಿಯಾ ಮಾದರಿಯ ಉದ್ದ ರೈಫಲ್, 42 ಇಂಚಿನ ನಳಿಗೆ, ಮೂತಿಯ ತನಕ ಮೇಪಲ್ ಮರ. ಅದು ಕೊಟ್ಟ ಕಾಟಕ್ಕೆ ಎರಡು ವರ್ಷ ಉಳಿ ಮುಟ್ಟಲಿಲ್ಲ. ಆಮೇಲೆ ತಂದದ್ದು ಹಾಕನ್ ಮಾದರಿಯದು: 28 ಇಂಚಿನ ನಳಿಗೆ, ಅರ್ಧಕ್ಕೇ ನಿಲ್ಲುವ ಮರ, ಕೇಪಿನ ಲಾಕ್ (ಬೆಂಕಿ ಹೊತ್ತಿಸುವ ಯಂತ್ರಭಾಗ). ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಸಹೋದರರು ಸೇಂಟ್ ಲೂಯಿಸ್‌ನಲ್ಲಿ ಮಾಡಿಕೊಡುತ್ತಿದ್ದ ಗಟ್ಟಿಮುಟ್ಟು ರೈಫಲ್‌ಗಳ ದೂರದ ನೆಂಟ ಅಂತಿಟ್ಟುಕೊಳ್ಳಿ.

ಎರಡೂ .50 ಕ್ಯಾಲಿಬರ್. ಎರಡಕ್ಕೂ ಅದೇ .490 ಇಂಚಿನ ಸೀಸದ ಗುಂಡು, ಅದಕ್ಕೆ ಸುತ್ತಲು ಅದೇ ಎಣ್ಣೆ ಹಚ್ಚಿದ ಹತ್ತಿ ಪ್ಯಾಚ್. ಹಾಗಾಗಿ ಗುಂಡಿನ ಜಗಳ ಇಲ್ಲಿ ಬೇಡ. 50 ಗಜದಲ್ಲಿ ಎರಡೂ ನನಗಿಂತ ಚೆನ್ನಾಗಿ ಗುರಿ ಹಿಡಿಯುತ್ತವೆ.

ಈಗ ಆ ಕಾಟದ ಕತೆ.

ಚಕಮಕಿಯಲ್ಲಿ ಕುದುರೆ (ಬಡಿಯುವ ಸುತ್ತಿಗೆಯಂಥ ಭಾಗ) ಬಿದ್ದು ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ, ಲಾಕ್‌ನ ಸಣ್ಣ ಬಟ್ಟಲಲ್ಲಿರುವ ರಂಜಕ (ಕಿಡಿ ಹಿಡಿಯುವ ಚಿಟಿಕೆ ಮದ್ದು) ಹೊತ್ತಿಕೊಳ್ಳುತ್ತದೆ, ಆ ಬೆಂಕಿ ನಳಿಗೆಯ ಪಕ್ಕದ ಟಚ್‌ಹೋಲ್ ಎಂಬ ಸಣ್ಣ ತೂತಿನಿಂದ ಒಳಗಿನ ಮದ್ದಿಗೆ ತಗಲಬೇಕು. ತೂತು ಒಂದೂವರೆ ಮಿಲಿಮೀಟರಿಗಿಂತ ತುಸು ದಪ್ಪ, ಅಷ್ಟೆ. ಅದು ಬಟ್ಟಲಿನ ನಡುವಿಗೆ ಸರಿಯಾಗಿ ಬರಬೇಕು, ಜೊತೆಗೆ ನಳಿಗೆಯ ಹಿಂಬದಿ ಮುಚ್ಚಿರುವ ಬ್ರೀಚ್ ಪ್ಲಗ್‌ನ ಮುಖಕ್ಕಿಂತ ಮುಂದೆಯೇ ಇರಬೇಕು. ಎರಡೂ ಕೂಡಿ ಬರದಿದ್ದರೆ ನೀವು ಕಟ್ಟಿದ್ದು ರೈಫಲ್ ಅಲ್ಲ, ಗೋಡೆಗೆ ತೂಗುಹಾಕುವ ಸಾಮಾನು.

ನನ್ನ ಕಿಟ್‌ನಲ್ಲಿ ಲಾಕ್‌ನ ಗುಳಿಯನ್ನೂ ನಳಿಗೆಯ ಗಾಡಿಯನ್ನೂ (ನಳಿಗೆ ಕೂರಲು ಮರದಲ್ಲಿ ಕೊರೆದ ಉದ್ದ ತೋಡು) ಯಂತ್ರದಲ್ಲೇ ಕೊರೆದು ಕಳಿಸಿದ್ದರು. 'ತೊಂಬತ್ತು ಪಾಲು ಕೆಲಸ ಮುಗಿದಿದೆ' ಅಂತ ಮಾರಿದವರ ಮಾತು. ನಳಿಗೆ ಇಟ್ಟೆ, ಕೂತಿತು ಅನ್ನಿಸಿತು. ಹಿಂದಿನ ಟ್ಯಾಂಗ್ ಎಂಬ ಉಕ್ಕಿನ ಪಟ್ಟಿಗೆ ಬೋಲ್ಟ್ ತೂತು ಕೊರೆದೆ, ನಳಿಗೆಯ ಅಡಿಯ ಮೂರು ಲಗ್ ಎಂಬ ಸಣ್ಣ ಕಿವಿಗಳಿಗೂ ಪಿನ್ ಹೊಡೆದೆ. ಎಲ್ಲ ಮುಗಿಸಿ ಟಚ್‌ಹೋಲ್‌ಗೆ ಗುರುತು ಹಾಕೋಣ ಅಂತ ಗಜವನ್ನು (ಮದ್ದು ಗುಂಡು ಒತ್ತುವ ಉದ್ದ ಕೋಲು) ನಳಿಗೆಯೊಳಗೆ ಪ್ಲಗ್ ಮುಟ್ಟುವ ತನಕ ಇಳಿಸಿ, ಮೂತಿಯ ಹತ್ತಿರ ಗೆರೆ ಎಳೆದು, ಅದೇ ಗಜವನ್ನು ಹೊರಗಡೆ ನಳಿಗೆಯ ಪಕ್ಕ ಹಿಡಿದೆ. ಗಜದ ತುದಿ ಬಟ್ಟಲಿನ ನಡುವಿಗಿಂತ 4 ಮಿಲಿಮೀಟರ್ ಮುಂದೆ ನಿಂತಿತು. ಅಂದರೆ ಬಟ್ಟಲಿನ ನೇರಕ್ಕೆ ತೂತು ಕೊರೆದರೆ ಅದು ಮದ್ದಿನ ಕೋಣೆಗೆ ಹೋಗುವುದಿಲ್ಲ, ಪ್ಲಗ್‌ನ ಉಕ್ಕಿಗೆ ಹೋಗಿ ಕೂರುತ್ತದೆ. ಮತ್ತೆ ಅಳೆದೆ, ಮೂರನೇ ಸಲವೂ ಅಳೆದೆ. ಅಳತೆ ಏನು ಮುಲಾಜು ನೋಡುತ್ತದೆಯೇ.

ತಪ್ಪು ಎಲ್ಲಿದೆ ಅಂತ ಹುಡುಕಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಂತ್ರದ ಬ್ಲೇಡು ದುಂಡಗೆ ತಿರುಗುವುದರಿಂದ ಗಾಡಿಯ ಹಿಂದಿನ ಮೂಲೆಗಳು ದುಂಡಗೇ ಉಳಿದಿದ್ದವು. ನಳಿಗೆಯ ಹಿಂಬದಿಯೋ ಎಂಟು ಮೂಲೆಯದು, ಚೂಪು ಅಂಚಿನದು. ಆ ಅಂಚುಗಳು ಮರದ ದುಂಡು ಮೂಲೆಗೆ ತಾಗಿ ನಳಿಗೆ ಅಲ್ಲೇ ನಿಂತುಬಿಟ್ಟಿತ್ತು. ಮೇಲಿಂದ ನೋಡಿದರೆ ಕೂತಂತೆಯೇ ಕಾಣುತ್ತಿತ್ತು. ಕಳಿಸಿದವರಿಗೆ ಕೇಳಿದ್ದಕ್ಕೆ ಬಂದ ಉತ್ತರ: 'ಅದು ಕಟ್ಟುವವರ ಕೆಲಸ.' ನಿಜವೇ. ಆದರೆ ಜೊತೆಗಿದ್ದ ಎರಡು ಹಾಳೆಯ ಸೂಚನೆಯಲ್ಲಿ ಆ ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಪ್ಲಗ್‌ನ ಮುಖದಲ್ಲೇ ಒಂದು ಗಾಡಿ ಉಜ್ಜಿಬಿಡು ಅಂದವರಿದ್ದರು. ಸ್ಫೋಟದ ಒತ್ತಡ ತಡೆಯುವ ಭಾಗವನ್ನು ಅರೆಬರೆ ತಿಳಿದವನು ಮುಟ್ಟಬಾರದು ಅಂತ ನನ್ನ ನಂಬಿಕೆ. ಹಾಗಾಗಿ ಉಳಿದದ್ದು ಒಂದೇ ದಾರಿ, ನಳಿಗೆಯನ್ನು ಹಿಂದಕ್ಕೆ ತಳ್ಳುವುದು. ನಳಿಗೆಯ ಹಿಂಬದಿಗೆ ದೀಪದ ಮಸಿ ಹಿಡಿಸುವುದು, ಮರದಲ್ಲಿ ಕೂರಿಸಿ ಒತ್ತುವುದು, ಎತ್ತಿ ನೋಡುವುದು, ಕಪ್ಪು ಅಂಟಿದ ಕಡೆ ಮಾತ್ರ ಸಣ್ಣ ಉಳಿಯಿಂದ ಕಾಗದದಷ್ಟು ತೆಳ್ಳಗೆ ಕೆರೆಯುವುದು. ಮತ್ತೆ ಮಸಿ, ಮತ್ತೆ ಒತ್ತು. ಮೊದಲ ದಿನ ಇಪ್ಪತ್ತು ಸಲ ಮಾಡಿದ್ದಕ್ಕೆ ಒಂದು ಮಿಲಿಮೀಟರ್ ಸಹ ಸರಿಯಲಿಲ್ಲ. ಉಗುರಿನ ಸಂದಿಯ ಮಸಿ ಮಾತ್ರ ವಾರವಿಡೀ ಹೋಗಲಿಲ್ಲ.

ನಳಿಗೆ ಹಿಂದಕ್ಕೆ ಹೋಯಿತು ಅಂದರೆ ಕೊರೆದ ತೂತುಗಳೆಲ್ಲ ಸುಳ್ಳಾದವು. ಟ್ಯಾಂಗ್ ಬೋಲ್ಟಿನ ತೂತಿಗೆ ಮೇಪಲ್ ಕಡ್ಡಿ ಜಡಿದು, ಅಂಟು ಒಣಗಿಸಿ, ಹೊಸದಾಗಿ ಕೊರೆದೆ. ಲಗ್‌ಗಳ ತೂತನ್ನು ಅರದಿಂದ ಉದ್ದುದ್ದಕ್ಕೆ ಉಜ್ಜಿದೆ. ಇದೊಂದು ಮಾತ್ರ ಲಾಭವೇ ಆಯಿತು: ಹವೆ ಬದಲಾದ ಹಾಗೆ ಮರ ಹಿಗ್ಗಿ ಕುಗ್ಗುತ್ತದೆ, ಲಗ್‌ನ ತೂತು ಉದ್ದಕ್ಕಿದ್ದರೆ ಪಿನ್ ಬಿಗಿದುಕೊಳ್ಳುವುದಿಲ್ಲ. ಮೊದಲೇ ಹಾಗೆ ಮಾಡಬೇಕಿತ್ತಂತೆ. ಈ ಒಂದು 4 ಮಿಲಿಮೀಟರಿಗೆ ಆರು ವಾರದ ಸಂಜೆಗಳು ಹೋದವು.

ಕೇಪಿನ ಕಿಟ್‌ನಲ್ಲಿ ಇಂಥ ಕತೆಯೇ ಇಲ್ಲ. ಕೇಪು ಕೂರುವ ನಿಪ್ಪಲ್ ಬ್ರೀಚಿನಲ್ಲೇ ಬಂದಿರುತ್ತದೆ, ಕಿಡಿಯ ದಾರಿ ಕಾರ್ಖಾನೆಯಲ್ಲೇ ಕೊರೆದಾಗಿದೆ. ಕುದುರೆ ನಿಪ್ಪಲ್ ಮೇಲೆ ನೆಟ್ಟಗೆ ಬೀಳುತ್ತದೆಯೇ ನೋಡಿದರಾಯಿತು. ಮರ ಉಜ್ಜಿ, ಹಿತ್ತಾಳೆ ಮಟ್ಟ ಮಾಡಿ, ಎಣ್ಣೆ ಹಚ್ಚಿ, ಸುಮಾರು 30 ಗಂಟೆಯಲ್ಲಿ ಮುಗಿಯಿತು. ಉದ್ದದ್ದಕ್ಕೆ 200 ಗಂಟೆ ಆದ ಮೇಲೆ ಲೆಕ್ಕ ಇಡುವುದು ಬಿಟ್ಟೆ.

ಅಂದ ಕೇಳಿದರೆ ಮಾತೇ ಬೇಡ, ಉದ್ದದ್ದು ಗೆದ್ದಿತು. ಆಕ್ವಾ ಫೋರ್ಟಿಸ್ ಎಂಬ ಆಮ್ಲ ಬಳಿದು ಬಿಸಿ ಗಾಳಿ ಹಿಡಿದಾಗ ಬಿಳಿಚಿದ ಮೇಪಲ್ ಹಸಿರಾಗಿ, ನೋಡನೋಡುತ್ತಾ ಕೆಂಗಂದಾಗಿ, ಹುಲಿಪಟ್ಟೆ ಎದ್ದು ಬರುತ್ತದಲ್ಲ, ಆ ಒಂದು ನಿಮಿಷಕ್ಕೆ ಎಲ್ಲ ಸಿಟ್ಟೂ ಇಳಿಯಿತು. ತೂಕದಲ್ಲೂ ಅದೇ ಜಾಣ. ನಳಿಗೆ ಹಿಂದೆ ದಪ್ಪ, ನಡುವೆ ಸಣ್ಣ, ಮೂತಿಯಲ್ಲಿ ಮತ್ತೆ ಕೊಂಚ ಅಗಲ. ಹಾಗಾಗಿ ಅಷ್ಟು ಉದ್ದವಿದ್ದೂ ಕೈಗೆ ಹಗುರ. ಗಿಡ್ಡದ್ದು ಒನಕೆ.

ಹೊಡೆಯುವಾಗ ಚಕಮಕಿಗೆ ಶಿಸ್ತು ಬೇಕು. ಇಪ್ಪತ್ತು ಮೂವತ್ತು ಗುಂಡಿಗೆ ಕಲ್ಲಿನ ಬಾಯಿ ಮೊಂಡಾಗುತ್ತದೆ, ಒಂದೊಂದು ಸಲ ಅದಕ್ಕೂ ಮೊದಲೇ. ಬಟ್ಟಲಲ್ಲಿ ಭುಸ್ ಅಂತ ಬೆಂಕಿ ಎದ್ದು ಒಳಗಡೆ ಮೌನವಾದರೆ, ಮೂತಿ ಗುರಿಯ ಕಡೆಗೇ ಇಟ್ಟು ಒಂದು ನಿಮಿಷವಾದರೂ ಕಲ್ಲಿನಂತೆ ನಿಲ್ಲಬೇಕು. ಮದ್ದು ತಡವಾಗಿ ಹೊತ್ತುವುದುಂಟು. ಮುಖದ ಹತ್ತಿರವೇ ಏಳುವ ಆ ಬೆಂಕಿಗೆ ನನ್ನ ಕಣ್ಣು ಇವತ್ತಿಗೂ ಮಿಟುಕುತ್ತದೆ. ಅಲೆಕ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಗೂ ಇದೇ ತಲೆನೋವಿತ್ತು. ಬಟ್ಟಲಿನ ಬೆಂಕಿ ಕಂಡು ಹಕ್ಕಿಗಳು ಹಾರಿಹೋಗುತ್ತವೆ ಅಂತ ಬೇಸತ್ತು, ಬಡಿದರೆ ಸಿಡಿಯುವ ಫಲ್ಮಿನೇಟ್ ಹಿಡಿದು ಹೊರಟು 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ಬಂದದ್ದು ಆ ದಾರಿಯಲ್ಲೇ. ಆ ಪಾದ್ರಿಗೆ ನನ್ನದೊಂದು ನಮಸ್ಕಾರ.

ಕೇಪಿನ ದೋಷ: ಸಿಡಿದ ತಾಮ್ರದ ಚೂರು ನಿಪ್ಪಲಿಗೆ ಅಂಟಿಕೊಳ್ಳುತ್ತದೆ, ಕೆರೆಯಬೇಕು. ಅಂಗಡಿಯಲ್ಲಿ ಕೇಪು ಮುಗಿದರೆ ರೈಫಲ್ ದೊಣ್ಣೆ.

ಮದ್ದಿನ ವಿಷಯ ಹೊಸಬರು ಯೋಚಿಸುವುದೇ ಇಲ್ಲ. ಚಕಮಕಿಗೆ ಅಸಲಿ ಕರಿಮದ್ದೇ ಬೇಕು. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಬಿಸಿ ಕೇಳುತ್ತವೆ, ರಂಜಕದ ಬೆಂಕಿಗೆ ಸರಿಯಾಗಿ ಜಗ್ಗುವುದಿಲ್ಲ. ಕೇಪಿಗೆ ಎರಡೂ ಆದೀತು. ಹೊಗೆ ಬಾರದ ಇಂದಿನ ಮದ್ದು ಮಾತ್ರ ಎರಡಕ್ಕೂ ಬೇಡವೇ ಬೇಡ, ನಳಿಗೆ ಒಡೆಯುತ್ತದೆ.

ನನ್ನ ತೀರ್ಮಾನ ನಿಂತಿರುವುದು ನಿಜವಾಗಿ ತೊಳೆಯುವ ಕೆಲಸದ ಮೇಲೆ. ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ, ಅವತ್ತೇ ತೊಳೆಯಬೇಕು. ಗಿಡ್ಡದ್ದರಲ್ಲಿ ಒಂದು ಬೆಣೆ ತಟ್ಟಿ ತೆಗೆದರೆ ನಳಿಗೆ ಕೊಕ್ಕೆ ಬಿಟ್ಟು ಕೈಗೆ ಬರುತ್ತದೆ. ಹಿಂಬದಿಯನ್ನು ಬಿಸಿನೀರಿನ ಬಕೆಟ್ಟಿಗಿಟ್ಟು ಗಜಕ್ಕೆ ಬಟ್ಟೆ ಸುತ್ತಿ ಪಂಪು ಹೊಡೆದಂತೆ ಹೊಡೆದರೆ ಹತ್ತು ನಿಮಿಷದಲ್ಲಿ ಕೆಲಸ ಖಲಾಸ್. ಉದ್ದದ್ದರ ನಳಿಗೆ ಪಿನ್ ಹೊಡೆದದ್ದು, ಪ್ರತಿ ಸಲ ಬಿಚ್ಚುವಂತಿಲ್ಲ. ಟಚ್‌ಹೋಲ್‌ಗೆ ಕಡ್ಡಿ ಸಿಕ್ಕಿಸಿ, ಮೂತಿಯಿಂದ ನೀರು ಹೊಯ್ದು, ಕಾದು, ಬಗ್ಗಿಸಿ, ನೀರು ಮರದ ಸಂದಿಗೆ ಇಳಿಯಿತೋ ಏನೋ ಅಂತ ಕಳವಳಪಡುತ್ತಾ ಕೂರಬೇಕು. ತಿಂಗಳಿಗೊಂದು ಭಾನುವಾರ, ಹದಿನೈದು ಗುಂಡು, ಸಂಜೆಗೆ ಸುಸ್ತು, ಇದು ನನ್ನ ಶೂಟಿಂಗ್. ತೊಳೆಯುವ ಬೇಜಾರಿಗೇ ಹೊಡೆಯದೆ ಬಿಟ್ಟ ಭಾನುವಾರಗಳುಂಟು.

ದುಡ್ಡೂ ಇದೆ. ಚಕಮಕಿಯಲ್ಲಿ ಲಾಕ್‌ಗೆ ಜಿಪುಣತನ ಮಾಡಿದರೆ ಕಿಡಿಯೇ ಬರುವುದಿಲ್ಲ. ನನ್ನ ಉದ್ದದ್ದರ ಲಾಕ್ ಒಂದರ ಬೆಲೆಗೆ ಕೇಪಿನ ಕಿಟ್ ಅರ್ಧ ಬರುತ್ತಿತ್ತು.

ಇಷ್ಟಾದರೂ ಚಕಮಕಿಯೇ ಬೇಕು ಅನ್ನುವವರು ಪೆಟ್ಟಿಗೆ ಬಿಚ್ಚಿದ ದಿನವೇ ಗಜ ಇಳಿಸಿ ಅಳೆಯಿರಿ. ಗಾಡಿಯ ಹಿಂದಿನ ಮೂಲೆಗೆ ಬೆರಳು ಹಾಕಿ ನೋಡಿ, ದುಂಡಗಿದ್ದರೆ ಮೊದಲು ಉಳಿ, ಆಮೇಲೆ ಡ್ರಿಲ್.