ಇಬ್ಬರು ಮಕ್ಕಳು, ಒಂದು ದುರ್ಬೀನು: ಎರಡು ತಿಂಗಳ ಬಳಕೆಯ ನಂತರ

ಈ ಬೇಸಿಗೆ ರಜೆಯಲ್ಲಿ ಒಂಬತ್ತು ವರ್ಷದ ಮಗಳನ್ನೂ ಆರು ವರ್ಷದ ಮಗನನ್ನೂ ಕರೆದುಕೊಂಡು ವಾರಕ್ಕೆರಡು ಬಾರಿಯಾದರೂ ಕೆರೆಯ ದಂಡೆಗೋ ಗುಡ್ಡದ ಬುಡಕ್ಕೋ ಹೋಗಿಬರಬೇಕೆಂದು ನಿಶ್ಚಯಿಸಿದಾಗ, ಅದಕ್ಕೆಂದೇ ನಾವು ಕೊಂಡ ವಸ್ತು ಒಂದೇ: ಮಕ್ಕಳ ಕೈಯಳತೆಗೆ ಮಾಡಿದ, ಮೈಮೇಲೆ 6×21 ಎಂದು ಬರೆದಿರುವ ಪುಟ್ಟ ದುರ್ಬೀನು. ಎರಡು ತಿಂಗಳಲ್ಲಿ ಅದು ನೀರು, ದೂಳು, ಬೆವರು, ಮಕ್ಕಳ ಜಗಳ ಎಲ್ಲವನ್ನೂ ಕಂಡಿದೆ. ಹಾಗಾಗಿ ಅದರ ಗುಣದೋಷಗಳ ಬಗ್ಗೆ ಈಗ ಖಚಿತವಾಗಿ ಬರೆಯಬಹುದು ಎನಿಸುತ್ತದೆ.

ಇದಕ್ಕೂ ಮೊದಲು ಮನೆಯಲ್ಲಿ ಒಂದು ಆಟಿಕೆಯ ದುರ್ಬೀನು ಇತ್ತು. ಅಂಥವುಗಳಲ್ಲಿ ಸಾಮಾನ್ಯವಾಗಿ ಪ್ರಿಸಮ್ ಇರುವುದಿಲ್ಲ. ಮುಂದೊಂದು ಪೀನ ಮಸೂರ, ಕಣ್ಣಿನ ಬಳಿ ಒಂದು ನಿಮ್ನ ಮಸೂರ ಇರುತ್ತದೆ, ಅಷ್ಟೆ. 1609ರಲ್ಲಿ ಗೆಲಿಲಿಯೋ ಆಕಾಶದತ್ತ ತಿರುಗಿಸಿದ ದೂರದರ್ಶಕದ ರಚನೆಯೂ ಇದೇ ಆಗಿತ್ತು. ಇದರಲ್ಲಿ ಬಿಂಬ ನೆಟ್ಟಗೇ ಕಾಣುತ್ತದೆ, ಆದರೆ ವರ್ಧನೆ ಹೆಚ್ಚಿದಂತೆಲ್ಲ ಕಾಣುವ ವಿಸ್ತಾರ ಕಿರಿದಾಗುತ್ತ ಹೋಗಿ, ಕೊನೆಗೆ ಕೀಲಿಕಂಡಿಯಲ್ಲಿ ಇಣುಕಿದಂತಾಗುತ್ತದೆ. ನಿಜವಾದ ದುರ್ಬೀನಿನಲ್ಲಿ ಎರಡೂ ಕಡೆ ಪೀನ ಮಸೂರಗಳಿದ್ದು, ತಲೆಕೆಳಗಾದ ಬಿಂಬವನ್ನು ಪ್ರಿಸಮ್‌ಗಳು ನೆಟ್ಟಗೆ ಮಾಡುತ್ತವೆ. ಇಟಲಿಯ ಇಗ್ನಾಜಿಯೊ ಪೊರ್ರೊ 1854ರಲ್ಲಿ ಪೇಟೆಂಟ್ ಪಡೆದ ಈ ಏರ್ಪಾಡು ಇಂದಿಗೂ ಚಿಕ್ಕ ದುರ್ಬೀನುಗಳಲ್ಲಿ ಬಳಕೆಯಲ್ಲಿದೆ; ನಮ್ಮದೂ ಅದೇ ಬಗೆಯದು. ಆಟಿಕೆಯನ್ನು ಮಕ್ಕಳು ಎರಡೇ ದಿನಕ್ಕೆ ಮೂಲೆಗೆ ಹಾಕಿದಾಗ ಅವರಿಗೆ ಆಸಕ್ತಿಯಿಲ್ಲವೆಂದು ನಾನು ಭಾವಿಸಿದ್ದೆ. ಆದರೆ ಅವರಿಗೆ ಅದರಲ್ಲಿ ನೋಡಲು ಸಿಕ್ಕಿದ್ದೇ ತೀರ ಸ್ವಲ್ಪ.

ಅಂಗಡಿಯಲ್ಲಿ ದೊಡ್ಡ ಅಂಕಿಗೆ ಮನಸ್ಸು ಹೋಗುವುದು ಸಹಜ. 6×21 ಎಂದರೆ ವರ್ಧನೆ ಆರು ಪಟ್ಟು, ಮುಂದಿನ ಮಸೂರದ ವ್ಯಾಸ 21 ಮಿಲಿಮೀಟರ್. ಹತ್ತು, ಹನ್ನೆರಡು ಪಟ್ಟಿನವು ಪಕ್ಕದಲ್ಲೇ ಇರುವಾಗ ಆರು ಪಟ್ಟು ಏನೇನೂ ಸಾಲದೆಂಬ ಭಾವನೆ ಬರುತ್ತದೆ. ಆದರೆ ವರ್ಧನೆಯೊಂದಿಗೆ ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಮತ್ತು ಆರು ವರ್ಷದ ಮಗುವಿನ ಕೈಯಲ್ಲಿ ಹನ್ನೆರಡು ಪಟ್ಟಿನ ದುರ್ಬೀನು ಹಿಡಿಸಿದರೆ ಹಕ್ಕಿಯ ಬದಲು ಹಸಿರು ಗೀಟುಗಳು ಮಾತ್ರ ಕಾಣುತ್ತವೆ. 21ನ್ನು 6ರಿಂದ ಭಾಗಿಸಿದರೆ ಬರುವ 3.5 ಮಿಲಿಮೀಟರ್, ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ. ಬಿಸಿಲಿನಲ್ಲಿ ಕಣ್ಣಿನ ಪಾಪೆ ಕಿರಿದಾಗುವುದರಿಂದ ಹಗಲಿನ ತಿರುಗಾಟಕ್ಕೆ ಇಷ್ಟು ಧಾರಾಳವಾಗಿ ಸಾಕು. ಮುಸ್ಸಂಜೆಗೆ ಸಾಲದು, ಮರದ ನೆರಳಿನಲ್ಲಿ ಕುಳಿತ ಹಕ್ಕಿ ಆರು ಗಂಟೆಯ ನಂತರ ಬರೀ ಕಪ್ಪು ಉಂಡೆ.

ಇನ್ನು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮೊದಲ ದಿನ ಕೆರೆಯ ದಂಡೆಯಲ್ಲಿ ಮಗನ ಕೈಗೆ ಕೊಟ್ಟದ್ದು ಈ ಚಿಕ್ಕದಲ್ಲ, ನನ್ನ ಹಳೆಯ ದೊಡ್ಡ ದುರ್ಬೀನು. ಚಿಕ್ಕದು ಅಕ್ಕನ ಕೊರಳಲ್ಲಿತ್ತು. "ಕಾಣ್ತಾ?" ಎಂದು ಕೇಳಿದೆ. "ಹ್ಞೂಂ, ಕಾಣ್ತು" ಎಂದ. ಹಕ್ಕಿಯನ್ನೂ ದೋಣಿಯನ್ನೂ ಆಚೆ ದಡದ ಮರವನ್ನೂ ತೋರಿಸಿ ಕೇಳಿದಾಗಲೂ ಅದೇ ಉತ್ತರ ಬಂತು. ಅರ್ಧ ಗಂಟೆಯ ಮೇಲೆ, ದೋಣಿಯ ಬಣ್ಣ ಯಾವುದೆಂದು ಅಕ್ಕ ಕೇಳಿದಾಗ ಅವನು ಸುಮ್ಮನಾದ. ಅವನಿಗೆ ಕಂಡದ್ದು ಬೂದುಬಣ್ಣದ ಎರಡು ವೃತ್ತಗಳು, ನಡುವೆ ಕತ್ತಲೆ. ಆ ವಯಸ್ಸಿನ ಮಕ್ಕಳ ಕಣ್ಣುಪಾಪೆಗಳ ನಡುವಿನ ಅಂತರ ಸುಮಾರು 50ರಿಂದ 55 ಮಿಲಿಮೀಟರ್ ಇದ್ದರೆ, ದೊಡ್ಡವರಿಗೆಂದು ಮಾಡಿದ ಬಹುತೇಕ ದುರ್ಬೀನುಗಳು ಎಷ್ಟೇ ಮಡಿಸಿದರೂ ಅಷ್ಟು ಹತ್ತಿರ ಬರುವುದಿಲ್ಲ. ಅವನು ಹೇಳಿದ್ದು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ನನ್ನ ಮುಖದಲ್ಲಿದ್ದ ಉತ್ಸಾಹವನ್ನು ಕೆಡಿಸಬಾರದೆಂದು ಆರು ವರ್ಷದ ಮಗು ಅರ್ಧ ಗಂಟೆ ಕತ್ತಲೆಯನ್ನು ನೋಡುತ್ತ ನಿಂತಿತ್ತು. ಆ ರಾತ್ರಿ ಇದು ನನ್ನನ್ನು ಬಹಳ ಕಾಡಿತು. ಪ್ರತಿ ಪ್ರವಾಸದ ಕೊನೆಯಲ್ಲಿ "ಚೆನ್ನಾಗಿತ್ತಾ?" ಎಂದು ಕೇಳಿ, "ಹ್ಞೂಂ" ಎನ್ನಿಸಿಕೊಂಡು ತೃಪ್ತಿಪಟ್ಟ ಎಷ್ಟೋ ಸಂಜೆಗಳು ನೆನಪಾದವು.

ಮರುದಿನ ಚಿಕ್ಕ ದುರ್ಬೀನನ್ನು ಅವನ ಕಣ್ಣಿಗೇ ಹೊಂದಿಸಿದೆವು. ಇದರ ಎರಡು ಕೊಳವೆಗಳು 48 ಮಿಲಿಮೀಟರಿನವರೆಗೂ ಹತ್ತಿರ ಬರುತ್ತವೆ. ಹೊಂದಿಸುವ ಕ್ರಮ ಸರಳವೇ: ಬಲಗಣ್ಣು ಮುಚ್ಚಿ ನಡುವಿನ ತಿರುಗಣೆಯಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು, ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನ ಬಳೆಯನ್ನು ತಿರುಗಿಸಬೇಕು. ಆದರೆ ಒಂದೇ ಕಣ್ಣು ಮುಚ್ಚುವುದು ಎಷ್ಟೋ ಚಿಕ್ಕ ಮಕ್ಕಳಿಗೆ ಬರುವುದಿಲ್ಲ. ಒಂದು ಕಡೆಯ ಮುಂದಿನ ಮಸೂರವನ್ನು ನಾವು ಅಂಗೈಯಿಂದ ಮುಚ್ಚಿ ಹಿಡಿದರೆ ಎರಡೂ ಕಣ್ಣು ತೆರೆದಿಟ್ಟೇ ಕೆಲಸ ಮುಗಿಯುತ್ತದೆ. ತಿರುಗಣೆ ಅವನ ಬೆರಳಿಗೆ ಸ್ವಲ್ಪ ಬಿಗಿ. ಕಿತ್ತುಕೊಂಡು ತಿರುಗಿಸಿಕೊಡುವ ಆತುರ ನನಗೆ ಪ್ರತಿ ಸಲವೂ ಆಗುತ್ತಿತ್ತು. ಹಾಗೆ ಮಾಡಿದರೆ ಅದು ನನ್ನ ಕಣ್ಣಿಗೆ ಸ್ಪಷ್ಟವಾಗುತ್ತದೆಯೇ ಹೊರತು ಅವನ ಕಣ್ಣಿಗಲ್ಲ. ಹಾಗಾಗಿ ಕೈಕಟ್ಟಿ ಕುಳಿತುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡೆ.

ಮೂರನೆಯ ವಾರ, ಹನ್ನೊಂದು ಗಂಟೆಯ ಬಿರುಬಿಸಿಲು. ನೀರಿನ ನಡುವಿನ ಬಂಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಹರವಿ ನಿಂತಿತ್ತು. ಅದರ ಗರಿಗಳು ನೀರನ್ನು ಹೀರುವುದರಿಂದ ಮುಳುಗೆದ್ದ ಮೇಲೆ ಒಣಗಿಸಿಕೊಳ್ಳುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಮಗ ದುರ್ಬೀನು ಇಳಿಸದೆ, "ಅದರ ಗಂಟಲು ನಡುಗ್ತಿದೆ" ಎಂದ. ನಾನು ಎಷ್ಟೋ ನೀರುಕಾಗೆಗಳನ್ನು ನೋಡಿದ್ದೇನೆ, ಇದನ್ನು ಗಮನಿಸಿದವಳಲ್ಲ. ನನ್ನ ದುರ್ಬೀನಿನಲ್ಲಿ ನೋಡಿದೆ: ಕೊಕ್ಕು ತುಸು ತೆರೆದಿತ್ತು, ಕೆಳಗಿನ ತೊಗಲು ಗಾಳಿಗೆ ಸಿಕ್ಕ ಕಾಗದದಂತೆ ಪಟಪಟನೆ ಅದುರುತ್ತಿತ್ತು. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಗಂಟಲಿನ ತೇವವನ್ನು ಹೀಗೆ ಆವಿಯಾಗಿಸಿ ಅವು ಮೈಯ ಕಾವನ್ನು ಕಳೆದುಕೊಳ್ಳುತ್ತವೆ. ಆರು ಪಟ್ಟು ವರ್ಧನೆ ಸಾಲದೆಂಬ ನನ್ನ ಸಂದೇಹ ಅಲ್ಲಿಗೆ ಮುಗಿಯಿತು. ಹತ್ತಿರದ ವಸ್ತುಗಳಿಗೂ ಇದು ಒಳ್ಳೆಯದು. ಎರಡು ಮೀಟರ್ ದೂರದ ಹುಲ್ಲಿನ ತುದಿಯಲ್ಲಿ ಕುಳಿತ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ನರಗಳನ್ನು ಮಗಳು ನೋಡಿ ನೋಡಿ ಚಿತ್ರ ಬರೆದಳು.

ದೋಷಗಳೂ ಇವೆ. ಕಣ್ಣಿನ ಬಳಿಯ ರಬ್ಬರ್ ಬಟ್ಟಲು ನಾಲ್ಕನೆಯ ವಾರಕ್ಕೇ ಕಳಚಿ ಬಂತು, ಮಾರಿದವರು ಬದಲಿ ಕೊಡಲಿಲ್ಲ; ಅಂಟಿಸಿಕೊಂಡಿದ್ದೇವೆ. ಜಲನಿರೋಧಕವೆಂದು ಹೇಳದಿದ್ದರೂ ಒಂದು ಸಲ ನೀರು ಸಿಡಿದದ್ದಕ್ಕೇ ಒಳಗೆ ಮಂಜು ಕಟ್ಟಿ ಎರಡು ದಿನ ಹೋಗಲಿಲ್ಲ. ಉತ್ತಮ ದರ್ಜೆಯವುಗಳಲ್ಲಿ ಒಳಗೆ ಒಣ ಸಾರಜನಕ ತುಂಬಿ ಭದ್ರಪಡಿಸಿರುವುದರಿಂದ ಈ ತೊಂದರೆಯಿಲ್ಲ; ನೀರಿನ ಬಳಿ ಹೆಚ್ಚು ಹೋಗುವವರು ಅಂಥದ್ದನ್ನೇ ಕೊಳ್ಳಲಿ. ಕೊರಳಪಟ್ಟಿ ಎಳೆದರೆ ಬಿಚ್ಚಿಕೊಳ್ಳುವಂಥದ್ದಲ್ಲ. ಮರ ಹತ್ತುವ ಮಕ್ಕಳಿಗೆ ಇದು ಅಪಾಯ, ಮೊದಲ ದಿನವೇ ಬದಲಾಯಿಸಿದೆವು. ಮುಖಕ್ಕೆ ಹಚ್ಚಿದ ಸನ್‌ಸ್ಕ್ರೀನ್ ಮಸೂರಕ್ಕೆ ಮೆತ್ತುತ್ತದೆ. ಊದಿ ದೂಳು ಹಾರಿಸದೆ ಅಂಗಿಯ ಅಂಚಿನಿಂದ ಉಜ್ಜಿದರೆ ಮರಳಿನ ಕಣ ಗೀರುತ್ತದೆ.

ಸೂರ್ಯನ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ, ಆದ್ದರಿಂದ ಕಣ್ಣು ಸುಡುತ್ತಿರುವುದು ಮಗುವಿಗೆ ಗೊತ್ತೇ ಆಗುವುದಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ಕುಳಿತ ಮೇಲೆಯೇ ಚೀಲದಿಂದ ದುರ್ಬೀನು ಹೊರಗೆ ಬರಬೇಕೆಂಬುದು ನಮ್ಮ ಮನೆಯ ಕಟ್ಟುನಿಟ್ಟಿನ ನಿಯಮ.

ಇಬ್ಬರಿಗೂ ಒಂದೇ ಕೊಂಡದ್ದು ನನ್ನ ತಪ್ಪು. ಹಂಚಿಕೊಳ್ಳುವುದನ್ನು ಕಲಿಯಲಿ ಎಂದುಕೊಂಡಿದ್ದೆ. ಅವರು ಕಲಿತದ್ದು ಎಣಿಸುವುದನ್ನು: "ನಿಂದು ಐವತ್ತಾಯ್ತು, ಕೊಡು." ತನ್ನ ಸರದಿಯಲ್ಲಿ ಹಕ್ಕಿ ಹಾರಿಹೋದವನ ದುಃಖಕ್ಕೆ ಸಮಾಧಾನ ಹೇಳುವುದೇ ಪ್ರವಾಸವಾಗಿಬಿಡುತ್ತಿತ್ತು. ಜೊತೆಗೆ, ಪ್ರತಿ ಕೈಬದಲಿಗೂ ಅಂತರವನ್ನೂ ಸ್ಪಷ್ಟತೆಯನ್ನೂ ಮತ್ತೆ ಹೊಂದಿಸಬೇಕು. ಐದನೆಯ ವಾರ ಇನ್ನೊಂದನ್ನು ತಂದೆವು. ಅಂದಿನಿಂದ ನಾನು ನಿರೀಕ್ಷಿಸದೇ ಇದ್ದದ್ದು ನಡೆಯಿತು: ಇಬ್ಬರ ಕೊರಳಲ್ಲೂ ಒಂದೊಂದು ಇದ್ದಾಗ, "ಒಣಮರದ ಎಡಗೊಂಬೆ, ಅಲ್ಲಿಂದ ಒಂದು ಗೇಣು ಕೆಳಗೆ" ಎಂದು ಒಬ್ಬರಿಗೊಬ್ಬರು ದಾರಿ ತೋರಿಸತೊಡಗಿದರು. ತನಗೆ ಕಂಡದ್ದು ತಮ್ಮನಿಗೂ ಕಾಣುವವರೆಗೆ ಮಗಳು ಬಿಡುತ್ತಿರಲಿಲ್ಲ.

ಐದು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಳ್ಳಬೇಡಿ. ಅವರಿಗೆ ಭೂತಗನ್ನಡಿ ಸಾಕು. ದೊಡ್ಡ ಮಕ್ಕಳಿಗಾದರೆ, ಮಗುವನ್ನು ಜೊತೆಗೆ ಕರೆದುಕೊಂಡೇ ಅಂಗಡಿಗೆ ಹೋಗಿ. ಬಾಗಿಲಲ್ಲಿ ನಿಲ್ಲಿಸಿ, ಅದರ ಕೈಯಿಂದಲೇ ತಿರುಗಣೆ ತಿರುಗಿಸಲು ಬಿಟ್ಟು, ಬೀದಿಯ ಆಚೆ ತುದಿಯ ಫಲಕದಲ್ಲಿ ಏನು ಬರೆದಿದೆ, ಅಂಚಿನ ಬಣ್ಣ ಯಾವುದು ಎಂದು ಕೇಳಿ. ಕಾಣುತ್ತದೆಯೇ ಎಂದು ಮಾತ್ರ ಕೇಳಬೇಡಿ.