ತೀವ್ರ ಅಸ್ತಮಾಕ್ಕೆ ಮಾಸ್ಕ್ ಮೂಲಕ ಉಸಿರಾಟದ ನೆರವು: ಬೆಂಗಳೂರಿನ ಒಂದು ಐಸಿಯು ಸೇವೆಯ ವಿಮರ್ಶೆ

ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್‌ಗೂ ಬಗ್ಗದ ಉಬ್ಬಸದಿಂದ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದ ಸ್ಥಿತಿಯಲ್ಲಿದ್ದ ನನ್ನ ತಂಗಿಯನ್ನು ಈ ಚಳಿಗಾಲದಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಿಸಿದ್ದೆವು. ಅಲ್ಲಿನ ವೈದ್ಯರು ಗಂಟಲಿಗೆ ನಳಿಕೆ ಇಳಿಸದೆ, ಬೈಪ್ಯಾಪ್ ಯಂತ್ರದ ಮಾಸ್ಕ್ ಮೂಲಕವೇ ಆಕೆಯ ಉಸಿರಾಟಕ್ಕೆ ನೆರವು ನೀಡಿದರು.

ಅಸ್ತಮಾ ಉಲ್ಬಣಿಸಿದಾಗ ಗಾಳಿಯನ್ನು ಒಳಗೆಳೆದುಕೊಳ್ಳುವುದಕ್ಕಿಂತ ಹೊರಹಾಕುವುದೇ ಹೆಚ್ಚು ಕಷ್ಟ. ಹಿಂದಿನ ಉಸಿರು ಖಾಲಿಯಾಗುವ ಮೊದಲೇ ಮುಂದಿನದನ್ನು ಎಳೆಯಬೇಕಾಗುವುದರಿಂದ ಶ್ವಾಸಕೋಶ ಉಬ್ಬಿಕೊಂಡೇ ಉಳಿದು ಎದೆಯ ಸ್ನಾಯುಗಳು ದಣಿಯುತ್ತವೆ. ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಬೈಪ್ಯಾಪ್ ಆ ಸ್ನಾಯುಗಳ ಹೊರೆಯನ್ನು ಇಳಿಸುತ್ತದೆ. ಆದರೆ ಬಿಗಿದ ಶ್ವಾಸನಾಳವನ್ನು ಸಡಿಲಿಸುವುದು ಸಾಲ್ಬುಟಮಾಲ್, ಇಪ್ರಾಟ್ರೋಪಿಯಂ, ಸ್ಟೀರಾಯ್ಡ್‌ನಂತಹ ಔಷಧಿಗಳೇ. ಯಂತ್ರವು ಅವು ಕೆಲಸ ಮಾಡುವವರೆಗೆ ಸಮಯ ಒದಗಿಸುತ್ತದೆ, ಅಷ್ಟೇ.

ಈ ಸೇವೆಯಲ್ಲಿ ನಾನು ಮನಸಾರೆ ಮೆಚ್ಚಿದ್ದು ಮೊದಲ ಒಂದು ಗಂಟೆಯ ಆರೈಕೆಯನ್ನು. ಏದುಸಿರು ಬಿಡುತ್ತಿರುವವರ ಮುಖಕ್ಕೆ ಮಾಸ್ಕ್ ಒತ್ತಿದರೆ ಅವರು ಗಾಬರಿಯಿಂದ ಕಿತ್ತೆಸೆಯುವುದು ಸಹಜ. ನರ್ಸ್ ಪಟ್ಟಿಗಳನ್ನು ಬಿಗಿಯದೆ, ಮಾಸ್ಕನ್ನು ಕೈಯಲ್ಲೇ ಹಿಡಿದು, "ಬೇಡ ಅನ್ನಿಸಿದ್ರೆ ಕೈ ಎತ್ತಿ ಅಮ್ಮಾ, ತಕ್ಷಣ ತೆಗೀತೀನಿ" ಎಂದು ಧೈರ್ಯ ತುಂಬಿ, ತಂಗಿಯ ಉಸಿರು ಯಂತ್ರದ ಲಯಕ್ಕೆ ಹೊಂದಿಕೊಂಡ ಮೇಲಷ್ಟೇ ಪಟ್ಟಿ ಕಟ್ಟಿದರು. ಒತ್ತಡವನ್ನು ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸಿದರು, ಮಾಸ್ಕ್ ಕಳಚದೆ ಕೊಳವೆಗೇ ನೆಬ್ಯುಲೈಸರ್ ಜೋಡಿಸಿದರು, ಗಾಬರಿ ತಗ್ಗಿಸಲೆಂದು ಮಂಪರಿನ ಔಷಧಿಯ ಮೊರೆ ಹೋಗಲಿಲ್ಲ. ಅಪಧಮನಿಯ ರಕ್ತ ಪರೀಕ್ಷೆಯನ್ನೂ ಮತ್ತೆ ಮಾಡಿಸಿದರು. ವೇಗವಾಗಿ ಉಸಿರಾಡುವವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಿರಬೇಕು. ಅದು ಸಹಜ ಮಟ್ಟಕ್ಕೆ ಏರಿದರೂ ಸ್ನಾಯುಗಳು ಸೋಲುತ್ತಿವೆ ಎಂದೇ ಅರ್ಥ. ಅಂತಹ ಸಂದರ್ಭ ಬಂದರೆ ಬೇಕಾಗಬಹುದೆಂದು ನಳಿಕೆ ಹಾಕುವ ಸಲಕರಣೆಗಳನ್ನು ಹಾಸಿಗೆಯ ಪಕ್ಕದಲ್ಲೇ ಸಿದ್ಧವಾಗಿರಿಸಿದ್ದರು.

ಕೊರತೆಗಳೂ ಇದ್ದವು. ಮೊದಲು ತಂದ ಮಾಸ್ಕ್ ದೊಡ್ಡದಾಗಿ ಗಾಳಿ ಕಣ್ಣಿಗೆ ಸೋರುತ್ತಿತ್ತು. ಸರಿಯಾದ ಅಳತೆಯದು ಸ್ಟೋರ್‌ನಿಂದ ಬರಲು ತಡವಾಯಿತು. ತುರ್ತು ವಿಭಾಗದಲ್ಲಿ ಎಲ್ಲ ಅಳತೆಯ ಮಾಸ್ಕ್‌ಗಳೂ ಕೈಗೆಟುಕುವಂತಿರಬೇಕು. ಮಾಸ್ಕ್‌ಗೆ ಪ್ರತ್ಯೇಕ ಬಿಲ್ ಮಾಡಲಾಗುತ್ತದೆಂದು ಮುಂಚೆ ಯಾರೂ ತಿಳಿಸಲಿಲ್ಲ. "ವೆಂಟಿಲೇಟರ್ ಹಾಕ್ತೀವಿ" ಎಂಬ ಒಂದೇ ಮಾತು ಕೇಳಿ ನಮ್ಮ ತಾಯಿ ಕುಸಿದು ಕುಳಿತರು. ಇದು ನಳಿಕೆಯಲ್ಲ, ಮಾಸ್ಕ್ ಮಾತ್ರ ಎಂಬ ಎರಡು ನಿಮಿಷದ ವಿವರಣೆ ಅದನ್ನು ತಪ್ಪಿಸಬಹುದಿತ್ತು.

ಈ ಚಿಕಿತ್ಸೆಯ ಪುರಾವೆ ಇನ್ನೂ ಗಟ್ಟಿಯಾಗಿಲ್ಲ ಎಂಬುದನ್ನೂ ಹೇಳಬೇಕು. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ವೈದ್ಯರು 53 ರೋಗಿಗಳೊಂದಿಗೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ನೆರವು ಪಡೆದವರು ಐಸಿಯುನಿಂದ ಬೇಗ ಹೊರಬಂದರು. ಶ್ವಾಸಕೋಶದ ಸಾಮರ್ಥ್ಯದ ಸುಧಾರಣೆಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದಲೇ ನಿರಂತರ ನಿಗಾ ಇಲ್ಲದ ಕಡೆ ಇದನ್ನು ಒಪ್ಪಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಬೈಪ್ಯಾಪ್ ಯಂತ್ರಗಳು ಈಗ ಮನೆಗೇ ಬಾಡಿಗೆಗೆ ಸಿಗುತ್ತವೆ. ಬೇರೆ ಕಾಯಿಲೆಗಳಿಗೆ ವೈದ್ಯರ ಸಲಹೆಯಂತೆ ಅವು ಉಪಯುಕ್ತವಾದರೂ, ಅಸ್ತಮಾ ಉಲ್ಬಣಿಸಿದಾಗ ಅವುಗಳನ್ನು ನಂಬಿ ಮನೆಯಲ್ಲೇ ಕಾಯುವುದು ಪ್ರಾಣಕ್ಕೆ ಅಪಾಯ.

ಡಿಸ್ಚಾರ್ಜ್ ದಿನ ಇನ್ಹೇಲರ್ ಬಳಸುವ ಕ್ರಮವನ್ನು ತಂಗಿಯಿಂದಲೇ ಮಾಡಿಸಿ ನೋಡಿ ತಿದ್ದಿದರು. ಉಬ್ಬಸ ಹೆಚ್ಚಾದರೆ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಕನ್ನಡದಲ್ಲೇ ಬರೆದುಕೊಟ್ಟರು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.